ತಾತನ ಜಾವಾಕ್ಕೆ ಹೊಸ ವೇಷ: ವಿಮೆ ಸಿಕ್ಕೀತೇ?

ಹಳೆಯ ಮೋಟಾರ್ ಸೈಕಲ್ಲುಗಳಿಗೆ ಈಗ ಶುಕ್ರದೆಸೆ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು, ಕೋಳಿಗಳಿಗೆ ಗೂಡಾಗಿ ನಿಂತಿದ್ದ ಜಾವಾ, ಯೆಜ್ಡಿ, ಬುಲೆಟ್, ರಾಜದೂತ್‌ಗಳನ್ನು ಮೊಮ್ಮಕ್ಕಳು ಹೊರಗೆಳೆದು ಧೂಳು ಕೊಡವುತ್ತಿದ್ದಾರೆ. ಒಂದು ಕಾಲಕ್ಕೆ ಗುಜರಿಯವರು ಕಬ್ಬಿಣದ ತೂಕಕ್ಕೆ ಕೇಳುತ್ತಿದ್ದ ಗಾಡಿಗಳಿಗೆ ಇಂದು ಹೊಸ ಬೈಕಿನ ಬೆಲೆ ಹೇಳುವವರಿದ್ದಾರೆ. ಕೊಡುವವರೂ ಇದ್ದಾರೆ.

ಆದರೆ ಎಲ್ಲ ಹುಡುಗರಿಗೂ ಗಾಡಿ ಇದ್ದ ಹಾಗೇ ಇರಬೇಕೆಂದಿಲ್ಲ. ಹ್ಯಾಂಡಲ್ ತಗ್ಗಿಸಿ, ಹಿಂದಿನ ಮಡ್‌ಗಾರ್ಡ್ ಕಿತ್ತು, ಇಬ್ಬರು ಕೂರುವ ಸೀಟಿನ ಜಾಗದಲ್ಲಿ ಗೂನುಬೆನ್ನಿನ ಒಂಟಿ ಸೀಟು ಕೂರಿಸಿದರೆ ಅದು ‘ಕೆಫೆ ರೇಸರ್’. ದಪ್ಪ ಟೈರು ಹಾಕಿ ಮೈ ತಗ್ಗಿಸಿದರೆ ‘ಬಾಬರ್’. ಸೈಲೆನ್ಸರನ್ನು ಮೇಲಕ್ಕೆತ್ತಿ ಕಾಡುದಾರಿಯ ಟೈರು ತೊಡಿಸಿದರೆ ‘ಸ್ಕ್ರ್ಯಾಂಬ್ಲರ್’. ಇದನ್ನೇ ಕಸುಬು ಮಾಡಿಕೊಂಡ ಗ್ಯಾರೇಜುಗಳು ಈಗ ಜಿಲ್ಲಾ ಕೇಂದ್ರಗಳಲ್ಲೂ ಇವೆ. ಲಕ್ಷ ರೂಪಾಯಿಯ ಬಿಲ್ಲು ಅಲ್ಲಿ ದೊಡ್ಡ ಮಾತಲ್ಲ. ಕೆಲಸ ಮುಗಿದು, ಗಾಡಿ ಮನೆಗೆ ಬಂದು, ಓಣಿಯವರೆಲ್ಲ ನೋಡಿ ಹೊಗಳಿದ ಮೇಲೆ ಒಂದು ಸಂಜೆ ಅಪ್ಪ ಕೇಳುತ್ತಾರೆ: ‘ಅಲ್ಲೋ, ಇದಕ್ಕೆ ಇನ್ಶೂರೆನ್ಸ್ ಇದೆಯೇನೋ?’

ಕೇಳಬೇಕಾದ ಪ್ರಶ್ನೆಯೇ ಸರಿ. ಕೇಳಿದ ಹೊತ್ತು ಮಾತ್ರ ತಡವಾಯಿತು. ಹಳೆಯ ಗಾಡಿಯ ವಿಮೆ ತೀರ್ಮಾನವಾಗುವುದು ವಿಮಾ ಕಂಪನಿಯ ಕೌಂಟರಿನಲ್ಲಿ ಎಂದು ನಾವು ತಿಳಿದಿದ್ದೇವೆ. ನಿಜಕ್ಕೂ ಅದು ತೀರ್ಮಾನವಾಗುವುದು ಗ್ಯಾರೇಜಿನಲ್ಲಿ, ಮೊದಲ ಸಲ ಗರಗಸ ಫ್ರೇಮಿಗೆ ತಗಲಿದಾಗ.

ಮೈಸೂರಿನ ಕೂಸು

ಮಾತು ಗಾಳಿಯಲ್ಲಿ ತೇಲುವುದು ಬೇಡ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 1969ರ ಜಾವಾ 250. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಿಂದ ತಯಾರಿಸುತ್ತಿದ್ದ ಗಾಡಿ. ಕೆಂಗಂದು ಬಣ್ಣ, ಮಿರುಗುವ ಟ್ಯಾಂಕು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರಿನಲ್ಲಿ. ಮುಂದೆ 1973ರ ಹೊತ್ತಿಗೆ ಹೆಸರು ಯೆಜ್ಡಿ ಎಂದಾಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆದರೂ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ನಮ್ಮ ಊರುಗಳಲ್ಲಿ ಸಾಲುಗಟ್ಟುವ ಗಾಡಿಗಳನ್ನು ನೋಡಿದರೆ ಅದು ಮುಚ್ಚಿತೆಂದು ನಂಬುವುದು ಕಷ್ಟ.

ನಮ್ಮ ಉದಾಹರಣೆಯ ಗಾಡಿಗೆ ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರು. ತಾತ ತೀರಿಕೊಂಡು ಎಂಟು ವರ್ಷ. ಆರ್.ಸಿ. ಪುಸ್ತಕ ಬೀರುವಿನಲ್ಲಿದೆ, ಹೆಸರು ಇನ್ನೂ ತಾತನದೇ. ಮೊಮ್ಮಗ ಎಂಜಿನಿಯರಿಂಗ್ ಮೂರನೇ ವರ್ಷ. ಗಾಡಿಯನ್ನು ಕೆಫೆ ರೇಸರ್ ಮಾಡಿ ಕಾಲೇಜಿಗೆ ಓಡಿಸಬೇಕೆಂಬುದು ಅವನ ಆಸೆ. ಇಂಥ ಮನೆಗಳು ರಾಜ್ಯದ ತುಂಬ ಇವೆ.

ಮೊದಲ ತೊಡಕು ಮಾರ್ಪಾಡಿನದಲ್ಲ, ಹೆಸರಿನದು. ಮಾಲೀಕರು ತೀರಿಕೊಂಡರೆ, ವಾಹನವನ್ನು ತಾವು ಬಳಸಲಿದ್ದೇವೆ ಎಂದು ವಾರಸುದಾರರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ವಿಮಾ ಪಾಲಿಸಿಯಲ್ಲೂ ಇಂಥದೇ ಷರತ್ತಿದೆ. ವಿಮೆದಾರ ತೀರಿಕೊಂಡ ಮೇಲೆ ಪಾಲಿಸಿ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಜೀವಂತ. ತೀರಿಹೋದವರ ಹೆಸರಿನಲ್ಲಿ ವರ್ಷವರ್ಷವೂ ಪ್ರೀಮಿಯಂ ಕಟ್ಟುತ್ತಾ ಬರುವ ಮನೆಗಳುಂಟು. ಹಣವನ್ನು ಕಂಪ್ಯೂಟರು ತೆಗೆದುಕೊಳ್ಳುತ್ತದೆ, ಬದುಕಿದ್ದೀರಾ ಎಂದು ಅದು ಕೇಳುವುದಿಲ್ಲ. ಪ್ರಶ್ನೆ ಏಳುವುದು ಕ್ಲೇಮ್ ಹಾಕಿದ ದಿನ.

15 ವರ್ಷ ದಾಟಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬುದೂ ಅನೇಕರಿಗೆ ಮರೆತಿರುತ್ತದೆ. 20 ವರ್ಷ ದಾಟಿದ ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಲಾಯಿತು. ಹಸಿರು ತೆರಿಗೆ ಬೇರೆ. ಕೈಬರಹದ ಹಳೆಯ ಆರ್.ಸಿ. ಪುಸ್ತಕದ ವಿವರ ‘ವಾಹನ್’ ಕಂಪ್ಯೂಟರಿಗೆ ಏರದಿದ್ದರೆ, ಹಳೆಯ ರಿಜಿಸ್ಟರು ತೆಗೆಸಿ ಅದನ್ನು ಏರಿಸಿಕೊಳ್ಳುವುದು ಒಂದು ಓಡಾಟ. ಬೇಸರದ ಕೆಲಸವೇ ಸರಿ, ಆದರೆ ಇದು ಆಗದೆ ಮುಂದಿನ ಯಾವುದೂ ಆಗದು.

ಆರ್.ಸಿ. ಹೇಳುವ ಗಾಡಿ, ಅಂಗಳದ ಗಾಡಿ

ಆರ್.ಸಿ. ಪುಸ್ತಕವನ್ನು ಪೂರ್ತಿ ಓದಿದವರು ಕಡಿಮೆ. ತಯಾರಕರ ಹೆಸರು, ವರ್ಷ, ಚಾಸಿ ನಂಬರು, ಎಂಜಿನ್ ನಂಬರು, ಸಿಲಿಂಡರ್ ಸಂಖ್ಯೆ, ಎಷ್ಟು ಸಿ.ಸಿ., ಎಷ್ಟು ಆಸನ, ಖಾಲಿ ತೂಕ, ಇಂಧನ, ಬಣ್ಣ ಎಲ್ಲವೂ ಅಲ್ಲಿ ಇರುತ್ತವೆ. ವಿಮಾ ಕಂಪನಿ ಪಾಲಿಸಿ ಕೊಡುವುದು ಈ ಕಾಗದದ ಗಾಡಿಗೆ. ಅಂಗಳದಲ್ಲಿ ನಿಂತ ಗಾಡಿ ಅದೇ ಆಗಿದ್ದರೆ ಚಿಂತೆಯಿಲ್ಲ. ಫ್ರೇಮಿನ ಬಾಲ ಕತ್ತರಿಸಿ, ಎರಡು ಆಸನ ಒಂದಾಗಿ, ಬೇರೆಲ್ಲಿಂದಲೋ ತಂದ ಎಂಜಿನ್ ಒಳಸೇರಿದ್ದರೆ ಕಾಗದದ ಗಾಡಿಯೇ ಬೇರೆ, ಅಂಗಳದ್ದೇ ಬೇರೆ.

ಇಲ್ಲಿ ಕಾನೂನು ಬಿಗಿಯಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಕೂಡದು ಎನ್ನುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಮಾರ್ಪಾಡು ಒಂದಕ್ಕೆ 5,000 ರೂ. ದಂಡ, ಅಥವಾ ಎರಡೂ. ‘ಮಾರ್ಪಾಡು ಒಂದಕ್ಕೆ’ ಎಂಬುದನ್ನು ಗಮನಿಸಬೇಕು. ಕೆಫೆ ರೇಸರಿನಲ್ಲಿ ಎಷ್ಟು ಮಾರ್ಪಾಡಿವೆ ಎಂದು ಬೆರಳು ಮಡಚಿ ಎಣಿಸಿದರೆ ಒಂದು ಕೈ ಸಾಲದು.

ಹಾಗೆಂದು ನಟ್ಟು ಬೋಲ್ಟು ಮುಟ್ಟಿದರೆಲ್ಲ ಅಪರಾಧವೆಂದಲ್ಲ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸುವುದು ಟೂ ಸ್ಟ್ರೋಕ್ ಗಾಡಿಗಳಲ್ಲಿ ಅಜ್ಜನ ಕಾಲದ ರಿಪೇರಿ. 6 ವೋಲ್ಟಿನ ಮಿಣುಕು ದೀಪ ಸಾಲದೆ 12 ವೋಲ್ಟಿಗೆ ಬದಲಿಸುವುದು ಆರ್.ಸಿ.ಯಲ್ಲಿ ಬರೆದ ಯಾವ ವಿವರವನ್ನೂ ಅಲುಗಿಸುವುದಿಲ್ಲ, ಸುರಕ್ಷತೆಗೆ ಒಳ್ಳೆಯದೇ. ಬಣ್ಣ ಬದಲಾದರೆ ಆರ್‌ಟಿಓದಲ್ಲಿ ನಮೂದಿಸಿಕೊಳ್ಳಬೇಕು. ಎಂಜಿನ್ ಪೂರ್ತಿ ಕೆಟ್ಟು ಅದೇ ತಯಾರಿಕೆಯ, ಅದೇ ಮಾದರಿಯ ಇನ್ನೊಂದನ್ನು ಕೂರಿಸುವುದಿದ್ದರೆ ಮೊದಲೇ ಅನುಮತಿ ಕೇಳಿ, ಅದರ ಖರೀದಿಯ ಕಾಗದ ಇಟ್ಟುಕೊಂಡು, ಹೊಸ ನಂಬರು ಬರೆಸಿಕೊಳ್ಳಬೇಕು. ಗುಜರಿಯಲ್ಲಿ ಕಾಗದವಿಲ್ಲದೆ ಸಿಕ್ಕ ಎಂಜಿನ್ ಅಗ್ಗವೆಂದು ತಂದರೆ, ಅದು ಯಾರ ಕಳುವಾದ ಗಾಡಿಯದೆಂದು ಹೇಳುವವರಾರು?

ನನ್ನ ಮಟ್ಟಿಗೆ ಗೆರೆ ಎಳೆಯುವ ಜಾಗ ಇದು: ಬೋಲ್ಟು ಬಿಚ್ಚಿ ಹಾಕಿದ್ದನ್ನು ಮತ್ತೆ ಬೋಲ್ಟು ಬಿಚ್ಚಿ ಮೊದಲಿನಂತೆ ಮಾಡಬಹುದು. ಗರಗಸ ಮತ್ತು ವೆಲ್ಡಿಂಗ್ ಮಾಡಿದ್ದನ್ನು ಮಾಡಲಾಗದು.

1,366 ರೂಪಾಯಿಯ ಕಾಗದ

ವಿಮೆಯಲ್ಲಿ ಎರಡು ಬಗೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಥರ್ಡ್ ಪಾರ್ಟಿ. ನಮ್ಮ ಗಾಡಿಗೇ ಆದ ಹಾನಿ, ಕಳವು, ಬೆಂಕಿಗೆ ಓನ್ ಡ್ಯಾಮೇಜ್. ಎರಡೂ ಕೂಡಿದ್ದು ಪ್ಯಾಕೇಜ್ ಪಾಲಿಸಿ. ಮೊದಲನೆಯದು ಸಾರ್ವಜನಿಕ ರಸ್ತೆಗಿಳಿಯುವ ಪ್ರತಿ ಗಾಡಿಗೂ ಕಡ್ಡಾಯ. ಇಲ್ಲದೆ ಓಡಿಸಿದರೆ ಕಾಯ್ದೆಯಲ್ಲಿ 2,000 ರೂ. ದಂಡ, ಮೂರು ತಿಂಗಳವರೆಗೆ ಸಜೆಯೂ ಆಗಬಹುದು. ಈ ದಂಡ ದೊಡ್ಡದಲ್ಲ. ದೊಡ್ಡದು ಬೇರೆ ಇದೆ.

ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 150ರಿಂದ 350 ಸಿ.ಸಿ.ವರೆಗಿನ ದ್ವಿಚಕ್ರಕ್ಕೆ ವರ್ಷಕ್ಕೆ 1,366 ರೂ., 350 ಸಿ.ಸಿ. ಮೀರಿದರೆ 2,804 ರೂ.; ತೆರಿಗೆ ಬೇರೆ. ಗಾಡಿ ಎಷ್ಟು ಹಳೆಯದು ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ, ಸಿ.ಸಿ.ಯೇ ಲೆಕ್ಕ. 346 ಸಿ.ಸಿ.ಯ ಹಳೆಯ ಬುಲೆಟ್ಟಿಗೆ ಸದ್ದಿಲ್ಲದೆ 500 ಸಿ.ಸಿ.ಯ ಎಂಜಿನ್ ಕೂರಿಸಿದವನು ಕಟ್ಟಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಪ್ರೀಮಿಯಂ ಕಟ್ಟುತ್ತಿರುತ್ತಾನೆ. ಉಳಿಸಿದ್ದು 1,438 ರೂಪಾಯಿ.

ಈಗ ಇನ್ನೊಂದು ಕಡೆಯ ಲೆಕ್ಕ ನೋಡಿ. ಗಾಡಿ ತಗಲಿ 35 ವರ್ಷದ ಒಬ್ಬರು ತೀರಿಕೊಂಡರೆಂದು ಊಹಿಸಿಕೊಳ್ಳಿ. ಸ್ವಂತ ಕಸುಬು, ತಿಂಗಳಿಗೆ 20,000 ರೂ. ಗಳಿಕೆ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವರ ಮೇಲೆ ಅವಲಂಬಿತರು. ನ್ಯಾಯಮಂಡಳಿ ಪರಿಹಾರ ಎಣಿಸುವ ಕ್ರಮವನ್ನು ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಗೊತ್ತುಮಾಡಿದೆ. ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆಂದು ಶೇಕಡ 40 ಸೇರಿಸಿದರೆ ತಿಂಗಳಿಗೆ 28,000. ವರ್ಷಕ್ಕೆ 3,36,000. ಅವರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 2,52,000. ಆ ವಯಸ್ಸಿಗೆ ಗುಣಕ 16. ಒಟ್ಟು 40,32,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು ಮೊದಲಾದುವು, ಬಡ್ಡಿ ಇನ್ನೂ ಸೇರಬೇಕು.

ವಿಮೆ ಇಲ್ಲದಿದ್ದರೆ ಇದನ್ನು ಕೊಡಬೇಕಾದವರು ಓಡಿಸಿದ ಹುಡುಗ ಮಾತ್ರ ಅಲ್ಲ, ಗಾಡಿಯ ಮಾಲೀಕರು. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಅಪ್ಪನದಾಗಿದ್ದರೆ ಅಪ್ಪನ ಮನೆ, ಅಪ್ಪನ ಜಮೀನು.

‘ಪಾಲಿಸಿ ಇದೆಯಲ್ಲ, ಮಾರ್ಪಾಡಿನ ವಿಷಯ ಹೇಳಿಲ್ಲ ಅಷ್ಟೇ’ ಎನ್ನುವವರಿಗೊಂದು ಮಾತು. ಪ್ರಪೋಸಲ್ ಫಾರಮಿನ ಕೆಳಗೆ ‘ಮೇಲಿನ ವಿವರಗಳೆಲ್ಲ ನಿಜ’ ಎಂದು ಸಹಿ ಹಾಕುತ್ತೇವೆ. ಆನ್‌ಲೈನಿನಲ್ಲಾದರೆ ಒಂದು ಚೌಕಕ್ಕೆ ಗುರುತು ಒತ್ತುತ್ತೇವೆ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದ ಪಾಲಿಸಿ ಅಸಿಂಧು ಎಂಬ ವಾದವನ್ನು ಕಂಪನಿಗೆ ಕಾಯ್ದೆಯ 150ನೇ ಕಲಮೇ ಕೊಟ್ಟಿದೆ. ಗಾಯಗೊಂಡವರು ಬೀದಿಪಾಲಾಗಬಾರದೆಂದು ನ್ಯಾಯಾಲಯಗಳು ಅನೇಕ ಸಂದರ್ಭಗಳಲ್ಲಿ ‘ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ’ ಎಂದು ಆದೇಶಿಸುವುದುಂಟು. ನೊಂದವರಿಗೆ ಅದು ನ್ಯಾಯ. ಮಾಲೀಕನಿಗೆ ಅದು ಸಾಲದ ಪತ್ರ.

ಹಿಂದೆ ಕೂರುವ ಗೆಳೆಯನ ವಿಷಯವೂ ಇಲ್ಲೇ ಬರಲಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂಬದಿ ಸವಾರ ಬರುವುದಿಲ್ಲವೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ಯಾಕೇಜ್ ಪಾಲಿಸಿಯಲ್ಲಿ ಬರುತ್ತಾನೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸುತ್ತೋಲೆ ಹೊರಡಿಸಿತು. ಹಳೆಯ ಗಾಡಿಗಳಿಗೆ ಸಾಮಾನ್ಯವಾಗಿ ಥರ್ಡ್ ಪಾರ್ಟಿ ಮಾತ್ರ ಮಾಡಿಸಿರುತ್ತಾರಾದ್ದರಿಂದ ಈ ವ್ಯತ್ಯಾಸ ತಾಯಿ ತಂದೆಯರಿಗೆ ತಿಳಿದಿರಬೇಕು. ಆರ್.ಸಿ. ಎರಡು ಆಸನ ಎನ್ನುತ್ತಿದ್ದು ಗಾಡಿಯಲ್ಲಿ ಒಂದೇ ಸೀಟು ಉಳಿದಿದ್ದರೆ, ಅದರ ಗೂನಿನ ಮೇಲೆ ಕೂತ ಗೆಳೆಯನ ಪಾಡು ಯಾವ ಪಾಲಿಸಿಗೆ ಸೇರೀತೋ ಹೇಳುವುದು ಕಷ್ಟ. ಚಾಲಕ ಮಾಲೀಕನಿಗೆಂದೇ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಅದು ಮಾಲೀಕನೇ, ಲೈಸೆನ್ಸ್ ಇಟ್ಟುಕೊಂಡು ಓಡಿಸುವಾಗ ಮಾತ್ರ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸಿದರೆ ಮಗನಿಗೆ ಅದು ಸಿಗದು. ಮಗನೇ ದಿನವೂ ಓಡಿಸುವುದಾದರೆ ಆರ್.ಸಿ. ಅವನ ಹೆಸರಿಗೇ ಆಗಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಅಂದಹಾಗೆ, 18 ತುಂಬದ ಹುಡುಗರ ಕೈಗೆ ಗೇರಿನ ಗಾಡಿ ಕೊಟ್ಟು ಅಪಘಾತವೋ ಅಪರಾಧವೋ ಆದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂ. ದಂಡ. ಪಿಯುಸಿ ಹುಡುಗನಿಗೆ ತಾತನ ಗಾಡಿಯ ಕೀಲಿ ಕೊಡುವ ಮುನ್ನ ಇದು ನೆನಪಿರಲಿ.

ಬೆಲೆ ಕಟ್ಟುವವರು ಯಾರು?

ಇನ್ನು ನಮ್ಮ ಗಾಡಿಗೇ ವಿಮೆ. ಹುಡುಗರಿಗೆ ಆಸಕ್ತಿ ಇರುವುದು ಇದರಲ್ಲಿ. ಕಂಪನಿಗಳಿಗೆ ಇಲ್ಲದಿರುವುದೂ ಇದರಲ್ಲೇ. ಆನ್‌ಲೈನಿನಲ್ಲಿ ಮಾದರಿಯ ಪಟ್ಟಿ ಇಳಿಸಿದರೆ 1969ರ ಜಾವಾ ಇರುವುದೇ ಇಲ್ಲ. ಏಜೆಂಟರನ್ನು ಕೇಳಿದರೆ ‘ಅಷ್ಟು ಹಳೇದಕ್ಕೆ ಓನ್ ಡ್ಯಾಮೇಜ್ ಆಗಲ್ಲ ಸಾರ್, ಥರ್ಡ್ ಪಾರ್ಟಿ ಮಾಡಿಸಿಬಿಡಿ’ ಎನ್ನುತ್ತಾರೆ. ಅವರ ಕಮಿಷನ್ ಎಷ್ಟು ಬಂದೀತು, ಅದಕ್ಕೆ ಅವರೆಷ್ಟು ಓಡಾಡಿಯಾರು ಎಂದು ಯೋಚಿಸಿದರೆ ಸಿಟ್ಟು ಬರುವುದಿಲ್ಲ.

ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಗಾಡಿಯ ವಿಮಾ ಬೆಲೆಗೆ ಐಡಿವಿ ಎನ್ನುತ್ತಾರೆ. ಹೊಸ ಗಾಡಿಗೆ ಇದು ಶೋರೂಂ ಬೆಲೆಯಿಂದ ವರ್ಷಕ್ಕಿಷ್ಟು ಎಂದು ಇಳಿಯುತ್ತಾ ಹೋಗುತ್ತದೆ. ಐದನೆಯ ವರ್ಷಕ್ಕೆ ಅರ್ಧ. ಆಮೇಲೇನು? 2002ರ ಅಖಿಲ ಭಾರತ ಮೋಟಾರು ದರಪಟ್ಟಿ ಇದಕ್ಕೊಂದು ಸಾಲು ಬರೆದಿಟ್ಟಿತು. ಐದು ವರ್ಷ ಮೀರಿದ ಗಾಡಿಗೂ, ತಯಾರಿಕೆ ನಿಂತುಹೋದ ಮಾದರಿಗೂ ಬೆಲೆಯನ್ನು ಕಂಪನಿ ಮತ್ತು ವಿಮೆದಾರ ಪರಸ್ಪರ ಒಪ್ಪಿಗೆಯಿಂದ ತೀರ್ಮಾನಿಸಬೇಕು ಎಂದು. ಓನ್ ಡ್ಯಾಮೇಜಿನ ಪ್ರೀಮಿಯಂ ದರಗಳು 2007ರಿಂದ ಕಂಪನಿಗಳ ಇಷ್ಟಕ್ಕೆ ಬಿಟ್ಟವಾದರೂ ಬೆಲೆ ಕಟ್ಟುವ ಈ ರೂಢಿ ಉಳಿದು ಬಂದಿದೆ. ಒಪ್ಪಿಗೆ ಎಂದ ಮೇಲೆ ಮಾತುಕತೆ ಬೇಕು, ಮಾತುಕತೆಗೆ ಪುರಾವೆ ಬೇಕು. ಪರವಾನಗಿ ಪಡೆದ ಸರ್ವೇಯರ್ ಒಬ್ಬರಿಂದ ಬೆಲೆಪಟ್ಟಿ, ನಾಲ್ಕೂ ಕಡೆಯಿಂದ ತೆಗೆದ ಚಿತ್ರಗಳು, ಎಂಜಿನ್ ಮತ್ತು ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಬಿಡಿಭಾಗಗಳ ಬಿಲ್ಲು ಎಲ್ಲ ಕಟ್ಟಿಕೊಂಡು ನೇರವಾಗಿ ಕಂಪನಿಯ ಶಾಖಾ ಕಚೇರಿಗೆ ಹೋಗಬೇಕು. ಸಾರ್ವಜನಿಕ ರಂಗದ ನಾಲ್ಕು ಕಂಪನಿಗಳ ಕಚೇರಿಗಳಲ್ಲಿ ಮೇಜಿನಾಚೆ ಒಬ್ಬ ಮನುಷ್ಯ ಸಿಗುತ್ತಾನೆ. ಹಳೆಯ ಗಾಡಿಯ ವಿಷಯದಲ್ಲಿ ಅದೇ ದೊಡ್ಡ ಅನುಕೂಲ.

ಈ ಬೆಲೆ ಕಡಿಮೆ ಬರೆಸಿ ಪ್ರೀಮಿಯಂ ಉಳಿಸುವವರು ಒಂದು ಅಪಾಯವನ್ನು ಗಮನಿಸಿರುವುದಿಲ್ಲ. ರಿಪೇರಿಯ ಖರ್ಚು ಐಡಿವಿಯ ಶೇಕಡ 75 ಮೀರಿದರೆ ಗಾಡಿ ಪೂರ್ತಿ ನಷ್ಟವೆಂದೇ ಲೆಕ್ಕ. 20,000ಕ್ಕೆ ವಿಮೆ ಮಾಡಿಸಿದ ಜಾವಾದ ಮುಂಭಾಗ ನುಜ್ಜಾಗಿ ರಿಪೇರಿಗೆ 16,000 ಆಗುವುದಾದರೆ ಕಂಪನಿ 20,000 ಕೊಟ್ಟು ಗಾಡಿಯ ಅವಶೇಷ ತನ್ನದೆನ್ನಬಹುದು. ಇಲ್ಲವೆ ಅವಶೇಷದ ಬೆಲೆ ಕಳೆದು ಉಳಿದಿದ್ದು ಕೊಟ್ಟೀತು. ಆರ್.ಸಿ. ರದ್ದು ಮಾಡಿಸಿ ಎನ್ನುವುದೂ ಉಂಟು. ಹದಿನಾರು ಸಾವಿರದಲ್ಲಿ ಸರಿಯಾಗಬಹುದಾಗಿದ್ದ ತಾತನ ಗಾಡಿ ಗುಜರಿಯವರ ಪಾಲಾಗುವುದು ಹೀಗೆ.

ಸಣ್ಣ ರಿಪೇರಿಯಲ್ಲೂ ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಅರ್ಧ ಬೆಲೆಯೇ ಸಿಗುವುದು. ಟೈರು, ಟ್ಯೂಬು, ಬ್ಯಾಟರಿ, ರಬ್ಬರು, ಪ್ಲಾಸ್ಟಿಕ್ಕುಗಳಿಗೂ ಅರ್ಧವೇ. ಮಾರ್ಪಾಡಿಗೆಂದು ಲಕ್ಷ ಸುರಿದವರು ಆ ಲಕ್ಷ ತಾನಾಗಿ ಪಾಲಿಸಿಯೊಳಗೆ ಬಂತೆಂದು ಭಾವಿಸಬಾರದು. ತಯಾರಕರು ಕೊಡದ ಯಾವ ವಸ್ತುವೂ ಪಾಲಿಸಿಯಲ್ಲಿ ಬರೆಸದೆ ಒಳಗೆ ಬರುವುದಿಲ್ಲ. ಹೆಚ್ಚುವರಿ ವಿದ್ಯುತ್ ಉಪಕರಣಗಳನ್ನು ಬೆಲೆ ಸಮೇತ ಬರೆಸಿ, ಅದಕ್ಕೆಂದು ಪ್ರತ್ಯೇಕ ಪ್ರೀಮಿಯಂ ಕಟ್ಟುವ ಅವಕಾಶ ಮೊದಲಿನಿಂದಲೂ ಇದೆ. ಕೇಳಿದವರಿಗೆ ಕೊಡುತ್ತಾರೆ.

ಕಳವಿನ ಕ್ಲೇಮಿಗೆ ಕಂಪನಿಗಳು ಗಾಡಿಯ ಎರಡೂ ಕೀಲಿಗಳನ್ನು ಕೇಳುತ್ತವೆ. ಹಳೆಯ ಜಾವಾಗಳಲ್ಲಿ ಒಂದರ ಕೀಲಿ ಇನ್ನೊಂದಕ್ಕೆ ಸಲೀಸಾಗಿ ಹೊಂದುತ್ತಿತ್ತು ಎಂಬುದು ಹಳಬರು ನಗುತ್ತಾ ಹೇಳುವ ಮಾತು. ಒಳ್ಳೆಯ ಬೀಗವೊಂದನ್ನು ಹಾಕಿಸಿ ಅದರ ಬಿಲ್ಲಿಟ್ಟುಕೊಳ್ಳುವುದು ಮೇಲು.

ಐವತ್ತು ತುಂಬಿದವಕ್ಕೆ ಬೇರೆ ಫಲಕ

ವಿಂಟೇಜ್ ಎಂಬ ಮಾತಿಗೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಯಮದ ರೂಪ ಕೊಟ್ಟಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರು. ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷಕ್ಕೆ ಸಿಂಧು, ಮರುನೋಂದಣಿಗೆ 5,000. ಅರ್ಜಿಯ ಜೊತೆ ವಿಮಾ ಪಾಲಿಸಿಯನ್ನೂ ಇಡಬೇಕು. ನಮ್ಮ ಜಾವಾ ವಯಸ್ಸಿನಲ್ಲಿ ಪಾಸು.

ಎರಡು ಷರತ್ತುಗಳಿವೆ. ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಎಂದರೆ ಕೆಫೆ ರೇಸರ್ ಆದ ಕ್ಷಣ ಜಾವಾ ವಿಂಟೇಜ್ ಆಗುವ ಅರ್ಹತೆ ಕಳೆದುಕೊಂಡಿತು. ಎರಡನೆಯದು, ವಿಎ ಫಲಕದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಅದರ ಮೇಲೆ ಕಾಲೇಜಿಗೆ ಹೋಗುವಂತಿಲ್ಲ. ಮೊಮ್ಮಗನ ಎರಡು ಆಸೆಗಳಲ್ಲಿ ಒಂದನ್ನು ಮೊದಲ ಷರತ್ತು ನುಂಗಿತು, ಇನ್ನೊಂದನ್ನು ಎರಡನೆಯದು. ದಿನವೂ ಓಡಿಸುವ ಆಸೆ ಇರುವವರು ಹಳೆಯ ನಂಬರಿನಲ್ಲೇ, ಮಾಮೂಲಿ ನವೀಕರಣದಲ್ಲೇ ಇರುವುದು ವಾಸಿ. ಹೇಗೂ ‘ಎಂವೈ’ ನಂಬರಿಗಿರುವ ಮರ್ಯಾದೆ ‘ವಿಎ’ಗೆ ಬಂದಿಲ್ಲ.

ಒಂದು ತಾರತಮ್ಯವನ್ನು ಹೇಳಲೇಬೇಕು. 2002ರ ದರಪಟ್ಟಿಯಲ್ಲಿ ವಿಂಟೇಜ್ ಕಾರುಗಳಿಗೆ ಓನ್ ಡ್ಯಾಮೇಜಿನಲ್ಲಿ ಶೇಕಡ 25 ರಿಯಾಯಿತಿ ಇತ್ತು. 2022ರ ಥರ್ಡ್ ಪಾರ್ಟಿ ದರದಲ್ಲಿ ವಿಂಟೇಜ್ ಎಂದು ನೋಂದಾಯಿಸಿದ ಖಾಸಗಿ ಕಾರಿಗೆ ಶೇಕಡ 50. ಮೋಟಾರ್ ಸೈಕಲ್ಲಿಗೆ ಎರಡರಲ್ಲೂ ಇಲ್ಲ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಜಾವಾ, ದಿನಕ್ಕೆ 60 ಕಿಲೋಮೀಟರ್ ಓಡುವ ಹೊಸ ಬೈಕು ಎರಡಕ್ಕೂ ಒಂದೇ ದರ. ಬ್ರಿಟನ್ನಿನಲ್ಲಿ ಹಳೆಯ ಮತ್ತು ಮಾರ್ಪಡಿಸಿದ ಬೈಕುಗಳಿಗೆಂದೇ ಇರುವ ವಿಮಾ ಕಂಪನಿಗಳು ಮಾರ್ಪಾಡುಗಳ ಪಟ್ಟಿ, ಚಿತ್ರಗಳನ್ನು ಮೊದಲೇ ತರಿಸಿಕೊಂಡು, ಬೆಲೆ ಒಪ್ಪಿ, ವರ್ಷಕ್ಕೆ ಇಷ್ಟೇ ಮೈಲಿ ಎಂಬ ಕಟ್ಟಿನ ಮೇಲೆ ಕಡಿಮೆ ಪ್ರೀಮಿಯಂ ಹಾಕುತ್ತವೆ. ಹೇಳಿದವನಿಗೆ ಅಲ್ಲಿ ಲಾಭವಿದೆ. ನಮ್ಮಲ್ಲಿ ಹೇಳಿದವನಿಗೆ ‘ಆಗಲ್ಲ’ ಎಂಬ ಉತ್ತರ, ಹೇಳದವನಿಗೆ ಎರಡು ನಿಮಿಷದಲ್ಲಿ ಪಾಲಿಸಿ. ಹುಡುಗರು ಬಾಯಿಮುಚ್ಚಿಕೊಳ್ಳುವುದನ್ನು ಕಲಿತರೆ ಪೂರ್ತಿ ಅವರನ್ನೇ ದೂರುವುದು ಹೇಗೆ?

ಈಗಾಗಲೇ ಕತ್ತರಿಸಿದ್ದರೆ

ಗ್ಯಾರೇಜಿಗೆ ಇನ್ನೂ ಹೋಗಿಲ್ಲದವರ ಕೆಲಸ ಸುಲಭ. ಹೆಸರು ಬದಲಾವಣೆ, ನವೀಕರಣ, ಪಾಲಿಸಿ ಮೊದಲು; ಸ್ಪ್ಯಾನರ್ ಆಮೇಲೆ. ಏನೇನು ಬದಲಿಸಬೇಕೆಂದಿದ್ದೀರೋ ಅದನ್ನು ಒಂದು ಕಾಗದದಲ್ಲಿ ಬರೆದು ಆರ್‌ಟಿಓ ಕಚೇರಿಯ ಮೋಟಾರು ವಾಹನ ನಿರೀಕ್ಷಕರನ್ನು ಕೇಳಿ. ಆಗದೆಂದದ್ದನ್ನು ಬಿಡಿ. ಆಗುವುದನ್ನು ಮಾಡಿಸಿದ ಮೇಲೆ ವಿಮಾ ಕಂಪನಿಗೂ ಬರೆದು ತಿಳಿಸಿ, ಅವರ ಮೊಹರು ಬಿದ್ದ ಪ್ರತಿ ಇಟ್ಟುಕೊಳ್ಳಿ. ಬಿಚ್ಚಿದ ಮೂಲ ಸೀಟು, ಹ್ಯಾಂಡಲ್, ಮಡ್‌ಗಾರ್ಡು, ಸೈಲೆನ್ಸರುಗಳನ್ನು ಎಣ್ಣೆ ಸವರಿ ಅಟ್ಟದ ಮೇಲಿಡಿ. ಗ್ಯಾರೇಜಿನವನು ‘ಇದು ವೇಸ್ಟು, ನಾನೇ ಎಸೀತೀನಿ ಬಿಡಿ’ ಎಂದರೆ ಬಿಡಬೇಡಿ. ಅವನು ಎಸೆಯುವುದಿಲ್ಲ, ಮಾರುತ್ತಾನೆ. ಮೂಲ ಜಾವಾ ಭಾಗಗಳ ಬೆಲೆ ಅವನಿಗೆ ಗೊತ್ತು.

ಗಾಡಿಯನ್ನು ಕತ್ತರಿಸಿಯಾಗಿದ್ದವರು ಏನು ಮಾಡಬೇಕು? ಫ್ರೇಮಿನ ನಂಬರು ಹಾಗೇ ಇದ್ದು, ಕತ್ತರಿಸಿದ್ದು ಬಾಲದ ಭಾಗ ಮಾತ್ರವಾಗಿದ್ದರೆ, ನುರಿತ ಕೆಲಸಗಾರರಿಂದ ಮೂಲ ಅಳತೆಗೆ ತರಿಸಿ ನಿರೀಕ್ಷಕರಿಗೆ ತೋರಿಸುವುದು ಸಾಧ್ಯ. ಮೈಸೂರಿನಲ್ಲಿ ಕಾರ್ಖಾನೆಯ ಕಾಲದ ಅಳತೆ ಬಲ್ಲ ಕೈಗಳು ಇನ್ನೂ ಇವೆ. ನಂಬರಿನ ಮೇಲೆ ಗ್ರೈಂಡರ್ ಓಡಿದ್ದರೆ ಮಾತ್ರ ಅದು ಬೇರೆಯೇ ಕಥೆ. ಪೊಲೀಸರ ಕಣ್ಣಿಗೆ ಆ ಗಾಡಿ ಕಳವಿನದು. ಹಿಂದಕ್ಕೆ ತಿರುಗಿಸಲು ಮನಸ್ಸಿಲ್ಲದವರು ಗಾಡಿಯನ್ನು ರಸ್ತೆಗಿಳಿಸದೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಕಡ್ಡಾಯ ವಿಮೆ ಸಾರ್ವಜನಿಕ ಸ್ಥಳದಲ್ಲಿ ಬಳಸುವ ಗಾಡಿಗೆ. ಬಳಸದೆ ಶೆಡ್ಡಿನಲ್ಲಿಟ್ಟ ಗಾಡಿಗೆ ಬೆಂಕಿ ಮತ್ತು ಕಳವಿಗಷ್ಟೇ ಸೀಮಿತವಾದ ಪಾಲಿಸಿ ಕೊಡುವ ಅವಕಾಶ ಹಳೆಯ ದರಪಟ್ಟಿಯಲ್ಲೇ ಇತ್ತು. ಶಾಖಾ ಕಚೇರಿಯಲ್ಲಿ ಕೇಳಿ ನೋಡಬಹುದು. ಖಾಸಗಿ ಟ್ರ್ಯಾಕಿನಲ್ಲಿ ಓಡಿಸುತ್ತೇನೆ ಎನ್ನುವವರು ರೇಸಿಗೂ ವೇಗ ಪರೀಕ್ಷೆಗೂ ಯಾವ ಮಾಮೂಲಿ ಪಾಲಿಸಿಯೂ ಒದಗದೆಂದು ತಿಳಿದಿರಬೇಕು.

ಎಲ್ಲವನ್ನೂ ಸರಿಯಾಗಿ ಹೇಳಿ, ಬರೆಸಿ, ಪ್ರೀಮಿಯಂ ಕಟ್ಟಿಯೂ ಕ್ಲೇಮ್ ತಳ್ಳಿಹಾಕಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ರಿಗೆ ದೂರು ಕೊಡಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಜೊತೆಗೆ ಒಯ್ಯಬೇಕಾದ್ದು ಪಾಲಿಸಿ, ತಿರಸ್ಕಾರದ ಪತ್ರ, ಮತ್ತು ಕಂಪನಿಯ ಮೊಹರು ಬಿದ್ದ ಆ ಕಾಗದದ ಪ್ರತಿ.